ಇಲ್ಲದ ಸ್ಪ್ರಿಂಗಿನ ಗ್ಯಾರಂಟಿ

ಪಡುಬೈಲು ಮನೆ, ಬಂಟ್ವಾಳ
6-11-1961

ಅಣ್ಣನಿಗೆ ತಂಗಿ ಕಾಂತಿಯ ನಮಸ್ಕಾರ.

ಮಳೆ ಬಿಟ್ಟ ಮೇಲೆ ಚಿಕ್ಕಮ್ಮನ ಮೊಣಕಾಲು ನೋವು ಕಡಿಮೆಯಾಗಿದೆ, ಬಾಯಿ ಮಾತ್ರ ಮೊದಲಿನ ಹಾಗೆಯೇ ಉಂಟು. ನನ್ನ ಮಗಳು ಪದ್ಮಾಕ್ಷಿ ಮೂಡಬಿದ್ರೆಯ ಹಾಸ್ಟೆಲಿನಲ್ಲಿ ಹೊಂದಿಕೊಂಡಿದ್ದಾಳೆ. ಮುಂಬಯಿಯಿಂದ ನೀನು ಕಳಿಸಿದ ಫೌಂಟನ್ ಪೆನ್ನನ್ನು ಯಾರಿಗೂ ಮುಟ್ಟಲು ಬಿಡುವುದಿಲ್ಲವಂತೆ.

ನಮ್ಮ ಡ್ರೈವರ್ ಹುಕ್ರಪ್ಪ ನವರಾತ್ರಿಗೆ ಕೆಲಸ ಬಿಟ್ಟು ಬಸ್ಸಿನ ಕಂಪನಿ ಸೇರಿದ. ನೀನು ಚಿಂತೆ ಮಾಡಬೇಡ. ಹೋಗುವ ಮೊದಲು ನನಗೆ ಕಾರು ಬಿಡಲು ಸರಿಯಾಗಿಯೇ ಕಲಿಸಿ ಹೋಗಿದ್ದಾನೆ. ಮಂಗಳೂರಿನಲ್ಲಿ ಲೈಸನ್ಸಿನ ಪರೀಕ್ಷೆ ಮಾಡುವ ಸಾಹೇಬರು ನನ್ನನ್ನು ಬೇಕೆಂದೇ ಏರಿನಲ್ಲಿ ನಿಲ್ಲಿಸಿ ಪುನಃ ಹೊರಡಲು ಹೇಳಿದರು. ಕಾರು ಒಂದು ಅಂಗುಲ ಹಿಂದೆ ಜಾರಲಿಲ್ಲ. ಸಾಹೇಬರ ಮುಖ ನೋಡಬೇಕಿತ್ತು ನೀನು.

ಈಗ ಮುಖ್ಯ ವಿಷಯ. ಕಾರಿನ ಎದುರಿನ ಗಾಜಿನ ಮೇಲೆ, ಬಿಸಿಲು ಕಣ್ಣಿಗೆ ಹೊಡೆಯದ ಹಾಗೆ ಇಳಿಸಿಕೊಳ್ಳುವ ಒಂದು ಹಲಗೆ ಉಂಟಲ್ಲ, ಡ್ರೈವರಿನ ಬದಿಯದ್ದು, ಅದು ನಿಲ್ಲುವುದಿಲ್ಲ. ಮೇಲೆ ಎತ್ತಿಟ್ಟರೂ ತನ್ನಷ್ಟಕ್ಕೆ ಧೊಪ್ಪನೆ ಬೀಳುತ್ತದೆ. ಹುಕ್ರಪ್ಪ ಕುಳ್ಳ, ಅವನಿಗೆ ಅದು ತಲೆಯ ಮೇಲೇ ಉಳಿಯುತ್ತಿತ್ತು, ಅವನಿಗೆ ಗೊತ್ತೇ ಆಗಲಿಲ್ಲ. ನಾನು ನಿನ್ನಷ್ಟೇ ಎತ್ತರ. ಬಿದ್ದರೆ ಸರೀ ಕಣ್ಣಿಗೆ ಅಡ್ಡ.

ಏಜೆನ್ಸಿಯವರ ಗ್ಯಾರಂಟಿ ಆರು ತಿಂಗಳು. ಕಾರು ನಿನ್ನ ಹೆಸರಿನಲ್ಲಿರುವುದರಿಂದ ನೀನು ಒಂದು ಕಾಗದ ಬರೆದರೆ ಬದಲಿಸಿ ಕೊಡುತ್ತಾರೆ. ನೀನು ಆಟಿಯಲ್ಲಿ ಬಿಲ್ಲು ಮಾಡಿಸಿ ಹೋದದ್ದು, ಆಟಿ ತಿಂಗಳಲ್ಲಿ ಹೊಸ ವಸ್ತು ಮನೆಗೆ ಬರಬಾರದೆಂದು ಚಿಕ್ಕಮ್ಮ ಗೇಟಿಗೆ ಅಡ್ಡ ನಿಂತದ್ದು, ಕಾರು ಹದಿನೈದು ದಿನ ಏಜೆನ್ಸಿಯ ಶೆಡ್ಡಿನಲ್ಲೇ ಕೂತು, ಆಟಿ ಕಳೆದು ಸೋಣ ಸಂಕ್ರಮಣಕ್ಕೆ ಮನೆಗೆ ಬಂದದ್ದು, ಎಲ್ಲ ನಿನಗೆ ನೆನಪಿರಬಹುದು. ಆ ದಿನಗಳೂ ಗ್ಯಾರಂಟಿಯಲ್ಲಿ ಸೇರಿ ಹೋಗಿರಲಿಕ್ಕೂ ಸಾಕು. ಹಾಗಾಗಿ ತಡಮಾಡದೆ ಬರೆ.

ನಿನ್ನ ತಂಗಿ,
ಕಾಂತಿ

*

ಮಾಟುಂಗ, ಮುಂಬಯಿ
28-11-1961

ಕಾಂತಿಗೆ ಚಿನ್ನಯ್ಯನ ಆಶೀರ್ವಾದ.

ನಿನ್ನ ಕಾಗದ ಮುಟ್ಟಿತು. ಎಲ್ಲರೂ ಸೌಖ್ಯವೆಂದು ತಿಳಿದು ಸಂತೋಷ. ಹೋಟೆಲಿನಲ್ಲಿ ಇಬ್ಬರು ಅಡುಗೆಯವರು ಒಮ್ಮೆಲೇ ಊರಿಗೆ ಹೋದರು, ನಾನೇ ದೋಸೆಯ ಕಾವಲಿಯ ಎದುರು ನಿಲ್ಲುವ ಸ್ಥಿತಿ. ಹುಕ್ರಪ್ಪ ಹೋದದ್ದು ಸರಿಯಾಗಲಿಲ್ಲ. ಬೇರೆ ಡ್ರೈವರನ್ನು ನೋಡಲು ಸಂಬಂಧಿಕ ಮುಂಡಪ್ಪನಿಗೆ ಬರೆದಿದ್ದೇನೆ. ಅಲ್ಲಿಯವರೆಗೆ ಪೇಟೆಗೆ, ದೇವಸ್ಥಾನಕ್ಕೆ ನೀನು ಬಿಡು, ಅಡ್ಡಿಯಿಲ್ಲ. ದೂರ ಹೋಗಬೇಡ. ಹೊಸ ಕಾರು, ಹೊರಗೆ ಗೀರು ಬೀಳದ ಹಾಗೆ ನೋಡಿಕೋ.

ಪದ್ಮಾಕ್ಷಿಗೆ ಲೆಕ್ಕದ ಟ್ಯೂಷನ್ ಬೇಕಿದ್ದರೆ ತಿಳಿಸು.

ಚಿನ್ನಯ್ಯ

*

ಬಂಟ್ವಾಳ
4-1-1962

ಅಣ್ಣಾ,

ಕಾರ್ಡಿನಲ್ಲಿ ಜಾಗ ಕಡಿಮೆ, ಹಾಗಾಗಿ ಒಂದೇ ವಿಷಯ. ಬಿಸಿಲು ಹಲಗೆಯ ಬಗ್ಗೆ ನೀನು ಏನೂ ಬರೆಯಲಿಲ್ಲ. ಬಿಲ್ಲಿನ ತಾರೀಕಿನಿಂದ ಎಣಿಸಿದರೆ ಗ್ಯಾರಂಟಿ ಫೆಬ್ರವರಿ ಒಂದಕ್ಕೆ ಮುಗಿಯುತ್ತದೆ. ಏಜೆನ್ಸಿಗೆ ಎರಡೇ ಗೆರೆ ಬರೆದು ಹಾಕು. ದಾರದಲ್ಲಿ ಕಟ್ಟಿದ್ದೇನೆ, ದಾರ ಜಾರುತ್ತದೆ. ಪದ್ಮಾಕ್ಷಿಗೆ ಟ್ಯೂಷನ್ ಬೇಡ, ಲೆಕ್ಕದಲ್ಲಿ ಕ್ಲಾಸಿಗೆ ಅವಳೇ ಮೊದಲು.

ಕಾಂತಿ

*

ಮಾಟುಂಗ, ಮುಂಬಯಿ
11-2-1962

ಕಾಂತಿಗೆ,

ಚಿಕ್ಕಮ್ಮ ಶಾಲೆಯ ಮಾಸ್ಟ್ರ ಕೈಯಲ್ಲಿ ಬರೆಸಿದ ಕಾಗದ ನಿನ್ನೆ ಬಂತು. ನೇರಿಯದಂಥ ದೂರದ ಊರಿಗೆ ಆ ವಯಸ್ಸಾದ ಹೆಂಗಸನ್ನು ಕೂರಿಸಿಕೊಂಡು ಹೋಗಲು ನಿನಗೆ ಯಾರು ಹೇಳಿದರು? ಮೈಲುಗಲ್ಲಿಗೆ ಕಾರು ಗುದ್ದಿಸಿದ್ದೀಯಂತೆ. ಚಿಕ್ಕಮ್ಮನ ಹಣೆಗೆ ಎರಡು ಹೊಲಿಗೆಯಂತೆ. ಎರಡಿಂಚು ಆಚೆ ಆಗಿದ್ದರೆ ಕಣ್ಣು.

ಹೆಂಗಸರು ಕಾರು ಬಿಡಬಾರದೆಂದು ಹೇಳುವ ಹಳೇ ಕಾಲದವನು ನಾನಲ್ಲ. ಮುಂಬಯಿಯಲ್ಲಿ ದಿನಾ ನೋಡುತ್ತೇನೆ. ಆದರೆ ಎಲ್ಲರಿಗೂ ಎಲ್ಲವೂ ಆಗುವುದಿಲ್ಲ. ಕೀಲಿಕೈಯನ್ನು ಮುಂಡಪ್ಪನ ಕೈಗೆ ಕೊಡು. ಮಾಣಿಯ ಅಬ್ದುಲ್ ಮಜೀದ್ ಸಾಹೇಬರು ಅಡಿಕೆ ವ್ಯಾಪಾರಕ್ಕೆ ಓಡಾಡಲು ಒಂದು ಕಾರು ಹುಡುಕುತ್ತಿದ್ದಾರಂತೆ. ಅವರಿಗೆ ಕೊಡುವ ಎಂದು ತೀರ್ಮಾನ ಮಾಡಿದ್ದೇನೆ.

ಇದರ ಮೇಲೆ ವಾದ ಬೇಡ.

ಚಿನ್ನಯ್ಯ

*

ಬಂಟ್ವಾಳ
17-2-1962

ಅಣ್ಣಾ,

ವಾದ ಬೇಡವೆಂದು ಬರೆದಿದ್ದೀಯ. ಇದು ವಾದವಲ್ಲ, ನಡೆದ ಸಂಗತಿ. ಪೂರ್ತಿ ಓದು.

ಆ ಭಾನುವಾರ ಅಷ್ಟಗ್ರಹ ಕೂಟ. ಲೋಕ ಮುಳುಗುತ್ತದೆಂದು ಚಿಕ್ಕಮ್ಮನಿಗೆ ಯಾರೋ ಹೇಳಿದ್ದರು. ಮುಳುಗುವ ಮೊದಲು ನೇರಿಯದಲ್ಲಿರುವ ತನ್ನ ಬಾಲ್ಯದ ಗೆಳತಿಯನ್ನು ಒಮ್ಮೆ ನೋಡಬೇಕೆಂದು ಹಠ ಹಿಡಿದವರು ಅವರೇ. ಮಾಸ್ಟ್ರ ಕಾಗದದಲ್ಲಿ ಇದು ಬರಲಿಲ್ಲ ಅಂತ ಕಾಣುತ್ತದೆ. ಅಲ್ಲಿ ಊಟ ಮಾಡಿ, ಇಬ್ಬರೂ ಕೂತು ಅತ್ತು ಮುಗಿಸಿ, ದೀಪ ಹಚ್ಚುವುದರೊಳಗೆ ಮನೆ ಸೇರಲೇಬೇಕೆಂದು ಅವಸರ ಮಾಡಿದವರೂ ಅವರೇ.

ಬೆಳ್ತಂಗಡಿಯಿಂದ ಬಂಟ್ವಾಳಕ್ಕೆ ಸಂಜೆ ಹೊತ್ತು ಬರುವವರಿಗೆ ಬಿಸಿಲು ಎದುರಿನಿಂದ ಹೊಡೆಯುತ್ತದೆ. ಪುಂಜಾಲಕಟ್ಟೆ ದಾಟಿ ಇಳಿಜಾರಿನಲ್ಲಿ ಬರುತ್ತಿದ್ದೆ. ಹೆಚ್ಚೆಂದರೆ ಇಪ್ಪತ್ತು ಮೈಲಿನ ವೇಗ. ದಾರ ಕಡಿಯಿತು, ಹಲಗೆ ಬಿತ್ತು. ಎದುರಿಗೆ ರಸ್ತೆ ಇದ್ದ ಜಾಗದಲ್ಲಿ ನನಗೆ ಕಂಡದ್ದು ಬೂದು ಬಣ್ಣದ ರೆಕ್ಸಿನ್. ಕೈಯಿಂದ ಎತ್ತುವಷ್ಟರಲ್ಲಿ ಚಕ್ರ ಬದಿಗೆ ಹೋಗಿ ಮೈಲುಗಲ್ಲಿಗೆ ತಾಗಿತು. ಬಂಪರ್ ಬಗ್ಗಿದೆ, ಬೇರೆ ಏನೂ ಇಲ್ಲ. ಚಿಕ್ಕಮ್ಮನ ಹಣೆಯಲ್ಲಿ ರಕ್ತ ಕಂಡು ಸೆರಗನ್ನು ಒತ್ತಿ ಹಿಡಿದೆ. ಅದೇ ಕಾರಿನಲ್ಲಿ, ಎಡಗೈಯಲ್ಲಿ ಹಲಗೆಯನ್ನು ಎತ್ತಿ ಹಿಡಿದುಕೊಂಡು, ಬಂಟ್ವಾಳದ ಆಸ್ಪತ್ರೆಯವರೆಗೆ ನಾನೇ ಬಿಟ್ಟುಕೊಂಡು ಬಂದೆ. ಗೇರು ಬದಲಿಸುವಾಗೆಲ್ಲ ಹಲಗೆ ಬೀಳುತ್ತಿತ್ತು. ಇದೂ ಮಾಸ್ಟ್ರ ಕಾಗದದಲ್ಲಿ ಬರಲಿಲ್ಲ.

ಈ ಹಲಗೆಯ ವಿಷಯ ನಾನು ನವೆಂಬರಿನಲ್ಲಿ ಬರೆದಿದ್ದೆ, ನೀನು ಲೆಕ್ಕದ ಟ್ಯೂಷನ್ ಬಗ್ಗೆ ಕೇಳಿದೆ. ಜನವರಿಯಲ್ಲಿ ಪುನಃ ಬರೆದೆ. ಅದಕ್ಕೆ ಉತ್ತರವೇ ಬರಲಿಲ್ಲ.

ಹನ್ನೆರಡನೇ ತಾರೀಕಿಗೆ ನಾನೇ ಏಜೆನ್ಸಿಗೆ ಬರೆದಿದ್ದೇನೆ. ಕೀಲಿಕೈಯನ್ನು ಮುಂಡಪ್ಪನಿಗೆ ಕೊಡುವುದಿಲ್ಲ. ಅವನು ಎರಡು ಸಲ ಬಂದು ಜಗಲಿಯಲ್ಲಿ ಕೂತು, ಮಜ್ಜಿಗೆ ಕುಡಿದು ಹೋದ.

ಕಾರು ಇದ್ದರೆ ನಾಲ್ಕು ಜನಕ್ಕೆ ಉಪಕಾರವಾಗುತ್ತದೆ, ಹೆರಿಗೆಗೆ ಹೋಗುವವರಿಗೆ ಸಹಾಯವಾಗುತ್ತದೆ ಎಂದೆಲ್ಲ ಬರೆದರೆ ನಿನ್ನ ಮನಸ್ಸು ಕರಗಬಹುದು. ಹಾಗೆ ಬರೆಯುವುದಿಲ್ಲ. ನನಗೆ ಕಾರು ಬಿಡುವುದು ಇಷ್ಟ. ಪದ್ಮಾಕ್ಷಿಯ ಅಪ್ಪ ತೀರಿಕೊಂಡು ಎಂಟು ವರ್ಷ ಆಯಿತು. ಈ ಎಂಟು ವರ್ಷದಲ್ಲಿ ಯಾರನ್ನೂ ಕೇಳದೆ ನಾನು ಎಡಕ್ಕೋ ಬಲಕ್ಕೋ ತಿರುಗಿದ್ದು ಇದೊಂದರಲ್ಲಿಯೇ. ಅಳಿಯಸಂತಾನ ಕಟ್ಟಿನಲ್ಲಿ ಈ ಮನೆ ಮುಂದುವರಿಯುವುದು ನನ್ನಿಂದ, ನನ್ನ ಮಗಳಿಂದ. ಯಜಮಾನಿಕೆ ನಿನ್ನದು, ಅದನ್ನು ನಾನು ಯಾವತ್ತೂ ಪ್ರಶ್ನೆ ಮಾಡಿದವಳಲ್ಲ. ಈಗ ಮಾಡುತ್ತೇನೆ.

ಕಾಂತಿ

*

ಕೊಡಿಯಾಲ ಮೋಟಾರ್ ಏಜೆನ್ಸಿ, ಮಂಗಳೂರು
20-2-1962

ಮಾನ್ಯ ಶ್ರೀ ಚಿನ್ನಯ್ಯನವರಿಗೆ,
ಪಡುಬೈಲು ಮನೆ, ಬಂಟ್ವಾಳ

ಮಹನೀಯರೇ,

ತಮ್ಮ ಮನೆಯ ಮಹಿಳೆಯೊಬ್ಬರು ದಿನಾಂಕ 12-2-62ರಂದು ಬರೆದ ಪತ್ರ ತಲುಪಿದೆ. ಅದರ ಕುರಿತು ತಮ್ಮ ಗಮನಕ್ಕೆ ತರುವುದೇನೆಂದರೆ, ತಮ್ಮ ವಾಹನದ ಬಿಲ್ಲಿನ ದಿನಾಂಕ 2-8-61 ಆಗಿದ್ದು, ಆರು ತಿಂಗಳ ಗ್ಯಾರಂಟಿ ಅವಧಿಯು 1-2-62ಕ್ಕೆ ಮುಕ್ತಾಯವಾಗಿರುತ್ತದೆ. ದೂರು ಹನ್ನೊಂದು ದಿನ ತಡವಾಗಿ ಬಂದಿದೆ. ಅಲ್ಲದೆ ವಾಹನದ ಮಾಲೀಕರ ಹೊರತು ಇತರರ ದೂರನ್ನು ಸ್ವೀಕರಿಸುವ ಕ್ರಮ ನಮ್ಮಲ್ಲಿ ಇಲ್ಲ.

ಸದರಿ ಪತ್ರದಲ್ಲಿಯೇ ತಿಳಿಸಿರುವಂತೆ, ವಾಹನದ ಸನ್ ವೈಸರಿನ ಸಂದಿಯಲ್ಲಿ ದೇವಸ್ಥಾನದ ಪ್ರಸಾದ ಮುಂತಾದ ವಸ್ತುಗಳನ್ನು ಇರಿಸಲಾಗಿತ್ತು. ಅವುಗಳ ಭಾರದಿಂದಲೇ ದೋಷ ಉಂಟಾಗಿರುವ ಸಂಭವವಿದೆ. ಮಹಿಳೆಯರು ಇಂಥ ವಿಚಾರಗಳನ್ನು ಅರಿಯದಿರುವುದು ಸಹಜ. ಆದುದರಿಂದ ಮುಂದಕ್ಕೆ ಪತ್ರವ್ಯವಹಾರವನ್ನು ತಾವೇ ನಡೆಸಬೇಕೆಂದು ಕೋರಿಕೆ.

ತಮ್ಮ ವಿಶ್ವಾಸಿ,
ಮ್ಯಾನೇಜರ್

*

ಬಂಟ್ವಾಳ
26-2-1962

ಮ್ಯಾನೇಜರರಿಗೆ,

ನನ್ನ ಕಾಗದಕ್ಕೆ ನೀವು ನನ್ನ ಅಣ್ಣನ ಹೆಸರಿನಲ್ಲಿ ಉತ್ತರ ಬರೆದಿದ್ದೀರಿ. ಅವನು ಮುಂಬಯಿಯಲ್ಲಿದ್ದಾನೆ. ಅವನ ಹೆಸರಿನ ಲಕೋಟೆಯನ್ನು ಒಡೆದು ಓದಿದೆ, ಒಳಗೆ ಇದ್ದದ್ದು ನನ್ನ ವಿಷಯವಾದ್ದರಿಂದ.

ಮೊದಲು ಪ್ರಸಾದದ ಮಾತು. ಸೋಣ ಸಂಕ್ರಮಣದಂದು ಪೊಳಲಿಯಲ್ಲಿ ಕಾರಿಗೆ ಪೂಜೆ ಮಾಡಿಸಿ, ನಮ್ಮ ಚಿಕ್ಕಮ್ಮ ಹೂವು ಗಂಧದ ಪೊಟ್ಟಣವನ್ನು ಆ ಹಲಗೆಯ ಸಂದಿಗೆ ಸಿಕ್ಕಿಸಿದ್ದು ನಿಜ. ನಾನು ಮುಚ್ಚಿಡದೆ ಬರೆದೆ, ನೀವು ಅದನ್ನೇ ಹಿಡಿದುಕೊಂಡಿರಿ. ಬಾಳೆ ಎಲೆ ಒಣಗಿದ ಮೇಲೆ ಆ ಪೊಟ್ಟಣವನ್ನು ಅಕ್ಕಸಾಲಿಯ ತಕ್ಕಡಿಯಲ್ಲಿ ತೂಗಿಸಿದೆ. ಒಂದೂವರೆ ತೊಲ. ಅದನ್ನು ತೆಗೆದ ಮೇಲೂ ಹಲಗೆ ಬೀಳುತ್ತದೆ. ಮಂಗಳೂರಿನ ಟ್ಯಾಕ್ಸಿ ಸ್ಟ್ಯಾಂಡಿಗೆ ಹೋಗಿ ನೋಡಿ. ಬೀಡಿ ಕಟ್ಟು, ಪರ್ಮಿಟ್, ವೀಳ್ಯದೆಲೆ, ಹೆಂಡತಿಯ ಫೋಟೋ ಎಲ್ಲ ಸಿಕ್ಕಿಸಿದ ಹಲಗೆಗಳು ಗಟ್ಟಿಯಾಗಿ ನಿಂತಿವೆ. ನಮ್ಮದು ಮಾತ್ರ ದೇವಿಯ ಹೂವಿಗೆ ಬಿದ್ದುಹೋಯಿತೇ?

ಎರಡನೆಯದು, ತಾರೀಕು. ಬಿಲ್ಲು ಆದದ್ದು ಆಟಿಯಲ್ಲಿ. ಆಟಿಯಲ್ಲಿ ಈ ಸೀಮೆಯಲ್ಲಿ ಯಾರೂ ಹೊಸ ವಸ್ತು ಮನೆ ತುಂಬಿಸುವುದಿಲ್ಲ. ನಿಮಗೂ ಗೊತ್ತಿತ್ತು. ಅದಕ್ಕೇ ತಾನೇ 'ಸೋಣಕ್ಕೆ ಬಂದು ಕೊಂಡುಹೋಗಿ' ಎಂದು ನೀವೇ ಹೇಳಿ ಕಾರನ್ನು ನಿಮ್ಮ ಶೆಡ್ಡಿನಲ್ಲಿ ಇಟ್ಟದ್ದು? ಆ ಹದಿನೈದು ದಿನ ಅದರ ಒಂದು ಚಕ್ರವೂ ತಿರುಗಲಿಲ್ಲ. ನಿಮ್ಮ ಶೆಡ್ಡಿನಲ್ಲಿ ನಿಂತ ಕಾರಿಗೆ ನನ್ನ ಗ್ಯಾರಂಟಿ ಯಾಕೆ ಖರ್ಚಾಗಬೇಕು? ಸೋಣದಿಂದ ಎಣಿಸಿ. ನನ್ನ ಕಾಗದ ನಾಲ್ಕು ದಿನ ಮೊದಲೇ ಬಂದಿದೆ.

ಮೂರನೆಯದು ನಿನ್ನೆ ಗೊತ್ತಾದದ್ದು. ಮಗಳನ್ನು ನೋಡಲು ಮೂಡಬಿದ್ರೆಗೆ ಹೋಗಿದ್ದೆ. ಅಲ್ಲಿ ಕೊಡೆ ರಿಪೇರಿ ಮಾಡುವ ಅಬ್ದುಲ್ ಸಮದ್ ಎಂಬವರಿದ್ದಾರೆ, ನಲುವತ್ತು ವರ್ಷದಿಂದ ಸ್ಪ್ರಿಂಗ್ ಮತ್ತು ಕಡ್ಡಿಗಳ ಜೊತೆಯೇ ಬದುಕಿದವರು. ಅವರು ಎರಡೂ ಬದಿಯ ಹಲಗೆ ಬಿಚ್ಚಿದರು. ಎಡಬದಿಯದ್ದರಲ್ಲಿ ಸಲಾಕೆಯನ್ನು ಬಿಗಿಹಿಡಿಯುವ ಒಂದು ಸಣ್ಣ ಸ್ಪ್ರಿಂಗ್ ಉಂಟು. ಡ್ರೈವರಿನ ಬದಿಯದ್ದರಲ್ಲಿ ಇಲ್ಲ. ಕನ್ನಡಕ ಹಾಕಿ, ತೆಗೆದು, ಪುನಃ ಹಾಕಿ ನೋಡಿ ಅವರು ಹೇಳಿದ್ದು ಹೀಗೆ: "ಇದು ಬಿದ್ದುಹೋದದ್ದಲ್ಲ ಅಕ್ಕ. ಇದ್ದಿದ್ರೆ ಉಜ್ಜಿದ ಗುರುತಾದ್ರೂ ಇರ್ತಿತ್ತು. ಇದಕ್ಕೆ ಸ್ಪ್ರಿಂಗ್ ಹಾಕ್ಲೇ ಇಲ್ಲ."

ಮ್ಯಾನೇಜರರೇ, ಇದ್ದ ಸ್ಪ್ರಿಂಗ್ ಹಾಳಾದರೆ ಆರು ತಿಂಗಳೋ ಏಳು ತಿಂಗಳೋ ಎಂದು ಎಣಿಸಬಹುದು. ಮೊದಲೇ ಇಲ್ಲದ ಸ್ಪ್ರಿಂಗಿನ ಗ್ಯಾರಂಟಿ ಯಾವ ದಿನಕ್ಕೆ ಮುಗಿಯುತ್ತದೆ?

ಸಮದರು ಕೊಡೆಯ ಸ್ಪ್ರಿಂಗ್ ಹಾಕಿ ಸರಿಮಾಡಿಕೊಡುತ್ತೇನೆ ಎಂದರು. ಬೇಡವೆಂದೆ. ಸರಿಮಾಡಿದರೆ, ಇದು ಮೊದಲೇ ಸರಿಯಿತ್ತು ಎಂದು ನೀವು ಬರೆಯುತ್ತೀರಿ. ಅದನ್ನು ಬಿಚ್ಚಿ ಹಾಗೆಯೇ ಎತ್ತಿಟ್ಟಿದ್ದೇನೆ. ಬಿಸಿಲಿಗೆ ಅಡಿಕೆ ಹಾಳೆಯನ್ನು ಕತ್ತರಿಸಿ ಕಟ್ಟಿಕೊಂಡಿದ್ದೇನೆ, ಹಗುರ, ಬೀಳುವುದೂ ಇಲ್ಲ. ಕೂಲಿಯವರು ತಲೆಗಿಡುವ ಮುಟ್ಟಾಳೆ ಮಾಡುವ ಹಾಳೆ ಕಾರಿನಲ್ಲಿ ನೇತಾಡುವುದನ್ನು ನೋಡಿ ಬಂಟ್ವಾಳ ಪೇಟೆಯಲ್ಲಿ ನಗುವವರು ನಗುತ್ತಾರೆ. ಯಾವ ಕಾರು ಎಂದು ಕೇಳಿದವರಿಗೆ ಯಾವ ಏಜೆನ್ಸಿಯದ್ದು ಎಂಬುದನ್ನೂ ಸೇರಿಸಿ ಹೇಳುತ್ತಿದ್ದೇನೆ.

ಕಾಂತಿ

*

ಮಾಟುಂಗ, ಮುಂಬಯಿ
5-3-1962

ಕಾಂತಿಗೆ,

ಏಜೆನ್ಸಿಯ ಮ್ಯಾನೇಜರರು ನಿನ್ನ ಕಾಗದವನ್ನು ನನಗೆ ಕಳಿಸಿಕೊಟ್ಟಿದ್ದಾರೆ, ಇದನ್ನು ನೋಡಿಕೊಳ್ಳಿ ಎಂದು. ನನಗೆ ತಲೆ ಎತ್ತಲಿಕ್ಕಾಗಲಿಲ್ಲ. ದೊಡ್ಡ ಮನೆಯ ಹೆಣ್ಣು ಕೊಡೆ ರಿಪೇರಿಯವರ ಸಾಕ್ಷಿ ಹಾಕಿ ಜಗಳ ಮಾಡುವುದು, ಹಾಳೆ ಕಟ್ಟಿಕೊಂಡು ಪೇಟೆಯಲ್ಲಿ ತಿರುಗುವುದು, ಇದೆಲ್ಲ ಏನು? ಒಂದು ತಗಡಿನ ತುಂಡಿಗೆ ಇಷ್ಟು ಹಠವೇ?

ಮಜೀದ್ ಸಾಹೇಬರು ಹದಿನಾರನೇ ತಾರೀಕಿಗೆ ಬರುತ್ತಾರೆ. ಅವರು ಗೌರವಸ್ಥರು, ಅವರೆದುರು ಮನೆಯ ಮರ್ಯಾದೆ ಉಳಿಸು. ಹಾಳೆ ತೆಗೆದು, ಮೊದಲಿನ ಹಲಗೆಯನ್ನು ಕೂರಿಸಿ, ತೊಳೆದು ನಿಲ್ಲಿಸು. ಅವರು ಒಪ್ಪಿದರೆ ಕೀಲಿಕೈ ಕೊಟ್ಟುಬಿಡು.

ಚಿನ್ನಯ್ಯ

*

ಮಾಣಿ
17-3-1962

ಶ್ರೀ ಚಿನ್ನಯ್ಯನವರಿಗೆ ಅಬ್ದುಲ್ ಮಜೀದನ ಸಲಾಂ.

ನಿನ್ನೆ ನಿಮ್ಮ ಮನೆಗೆ ಹೋಗಿದ್ದೆ. ನಿಮ್ಮ ತಂಗಿಯವರು ಕಾರನ್ನು ತೊಳೆದು ನಿಲ್ಲಿಸಿದ್ದರು. ಕೂರುವ ಮೊದಲೇ, ಬಿಸಿಲು ಹಲಗೆ ಬೀಳ್ತದೆ, ಜಾಗ್ರತೆ ಎಂದು ಹೇಳಿದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಹೆಂಗಸರು ಮಾರಲು ಮನಸ್ಸಿಲ್ಲದೆ ಹೇಳುವ ಮಾತೆಂದು ಒಳಗೇ ನಕ್ಕಿದ್ದೆ. ಕಾರಿನ ದಮ್ಮು ನೋಡಲು ಪುಂಜಾಲಕಟ್ಟೆಯವರೆಗೆ ಹೋಗಿ ತಿರುಗಿಸಿದೆವು. ಸಂಜೆ ಐದೂವರೆ. ಮೈಲುಗಲ್ಲಿನ ಹತ್ತಿರ ಬರುವಾಗ ಹಲಗೆ ಬಿತ್ತು. ನನಗೆ ರಸ್ತೆ ಕಾಣಲಿಲ್ಲ. ಎದುರಿನಿಂದ ಬಸ್ಸು ಬರುತ್ತಿತ್ತು. ಪಕ್ಕದಲ್ಲಿ ಕೂತಿದ್ದ ನಿಮ್ಮ ತಂಗಿಯವರು ಮೊದಲೇ ಕೈ ಸಿದ್ಧ ಇಟ್ಟುಕೊಂಡಿದ್ದರು. ತಟ್ಟನೆ ಎತ್ತಿ ಹಿಡಿದರು. ಇಲ್ಲವಾದರೆ ಈ ಕಾರ್ಡನ್ನು ನಾನು ಬರೆಯುತ್ತಿರಲಿಲ್ಲ.

ಇಪ್ಪತ್ತೆರಡು ವರ್ಷದಿಂದ ಗಾಡಿ ಬಿಡುವವನು ನಾನು. ಆ ಹೊತ್ತಿಗೆ ಆ ಹಲಗೆಯನ್ನಿಟ್ಟುಕೊಂಡು ಅವರು ಬರೀ ಬಂಪರ್ ಬಗ್ಗಿಸಿದ್ದಾರೆಂದರೆ ಕೈ ಒಳ್ಳೆಯದಿದೆ. ಕಾರು ನನಗೆ ಬೇಡ. ಅವರ ಹತ್ತಿರವೇ ಇರಲಿ.

ಅಬ್ದುಲ್ ಮಜೀದ್

*

ಮಾಟುಂಗ, ಮುಂಬಯಿ
24-3-1962

ಪ್ರೀತಿಯ ಕಾಂತಿಗೆ,

ಮಜೀದ್ ಸಾಹೇಬರ ಕಾರ್ಡು ಬಂತು. ಓದಿದ ಮೇಲೆ ಗಲ್ಲಾದ ಡ್ರಾವರಿನಲ್ಲಿ ಹುಡುಕಿದೆ, ನಿನ್ನ ನವೆಂಬರಿನ ಕಾಗದ ಸಿಕ್ಕಿತು. ಜನವರಿಯ ಕಾರ್ಡೂ ಸಿಕ್ಕಿತು. ಓದಿರಲಿಲ್ಲವೆಂದು ಸುಳ್ಳು ಹೇಳುವುದಿಲ್ಲ. ಎರಡನ್ನೂ ಓದಿದ್ದೆ. ಹೊಸದಾಗಿ ಕಲಿತವಳು, ಏನೋ ಒಂದು ಹೇಳುತ್ತಾಳೆ ಎಂದುಕೊಂಡು ಬದಿಗಿಟ್ಟೆ. ನನ್ನದೇ ತಪ್ಪು.

ಕಾರು ಮಾರುವುದಿಲ್ಲ. ಏಜೆನ್ಸಿಗೆ ನಾನೇ ಬರೆದು ಹೊಸ ಹಲಗೆ ಹಾಕಿಸುತ್ತೇನೆ, ನಾನು ಬರೆದರೆ ಅವರು ಕೇಳುತ್ತಾರೆ. ದೂರ ಹೋಗುವಾಗ ಮಾತ್ರ ಒಬ್ಬ ಡ್ರೈವರನ್ನು ಇಟ್ಟುಕೋ. ಇಷ್ಟಾದರೆ ನಿನಗೂ ಸಮಾಧಾನ, ನನಗೂ ಸಮಾಧಾನ.

ನಿನ್ನ ಅಣ್ಣ,
ಚಿನ್ನಯ್ಯ

*

ಬಂಟ್ವಾಳ
31-3-1962

ಅಣ್ಣಾ,

ನಿನ್ನ ಸಮಾಧಾನದ ಕಾಗದ ಓದಿದೆ. ನನಗೆ ಸಮಾಧಾನ ಆಗಲಿಲ್ಲ. ಸಿಟ್ಟು ಇನ್ನೂ ಏರಿತು. ಯಾಕೆಂದು ಹೇಳುತ್ತೇನೆ.

ನಾನು ಮೂರು ಸಲ ಬರೆದೆ. ನಿನ್ನ ಒಡಹುಟ್ಟಿದವಳು, ಆ ಕಾರಿನೊಳಗೆ ಕೂತವಳು, ಚಿಕ್ಕಮ್ಮನ ರಕ್ತವನ್ನು ನನ್ನ ಸೆರಗಿನಲ್ಲಿ ಒತ್ತಿ ಹಿಡಿದವಳು. ನೀನು ನಂಬಲಿಲ್ಲ. ಮಜೀದ್ ಸಾಹೇಬರು ಒಂದು ಕಾರ್ಡು ಬರೆದರು, ಆ ದಿನವೇ ನಂಬಿದೆ. ಅವರು ಒಳ್ಳೆಯ ಮನುಷ್ಯ, ಕಾರಿನಿಂದಿಳಿದು ನನಗೆ ಕೈಮುಗಿದು ಹೋದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಅವರು ಬರೆದದ್ದರಲ್ಲಿ ನಾನು ಬರೆಯದೇ ಇದ್ದದ್ದು ಏನಿತ್ತು?

ಈಗಲೂ 'ನಾನು ಬರೆದರೆ ಕೇಳುತ್ತಾರೆ' ಎನ್ನುತ್ತೀಯ. ಕೇಳುತ್ತಾರೆ, ನನಗೆ ಗೊತ್ತು. ಅದೇ ನನ್ನ ಸಂಕಟ.

ಇನ್ನೊಂದು ಮಾತು. ಇದನ್ನು ನಾನು ಯಾವತ್ತೂ ಹೇಳಬಾರದೆಂದು ಇದ್ದೆ. ನಾನು ಎಂಟನೆಯ ಕ್ಲಾಸಿನಲ್ಲಿದ್ದಾಗ ಹೆಡ್ಮಾಸ್ಟ್ರು ಆಗ ಮನೆಯ ಯಜಮಾನರಾಗಿದ್ದ ನಮ್ಮ ದೊಡ್ಡ ಮಾವನಿಗೆ ಒಂದು ಕಾಗದ ಬರೆದಿದ್ದರು, ಇವಳನ್ನು ಶಾಲೆ ಬಿಡಿಸಬೇಡಿ, ಮುಂದೆ ಓದಿಸಿ ಎಂದು. ಅದನ್ನು ನಿನ್ನ ಕೈಯಲ್ಲಿ ಕೊಟ್ಟಿದ್ದರು. ಮಾವನಿಗೆ ಅದು ಮುಟ್ಟಲೇ ಇಲ್ಲ. ನೀನು ಮುಂಬಯಿಗೆ ಹೋದ ವರ್ಷ ಪೆಟ್ಟಿಗೆ ಗುಡಿಸುವಾಗ, ನಿನ್ನ ಹಳೇ ಅಂಗಿಯ ಕಿಸೆಯಲ್ಲಿ ನನಗೆ ಸಿಕ್ಕಿತು. ನೀನು ನಾಲ್ಕು ಮಡಿಕೆ ಮಾಡಿ ಇಟ್ಟಿದ್ದೆ. ಆಗ ನನಗೆ ಮದುವೆಯಾಗಿ ಪದ್ಮಾಕ್ಷಿ ಹೊಟ್ಟೆಯಲ್ಲಿದ್ದಳು. ನೀನು ಕೆಟ್ಟವನೆಂದು ನಾನು ಆಗಲೂ ತಿಳಿಯಲಿಲ್ಲ. ನಿನಗೆ ಆಗ ಹದಿನೇಳು ವರ್ಷ, ಶಾಲೆಯ ದಾರಿಯಲ್ಲಿ ಜನ ಏನಾದರೂ ಅಂದಾರೆಂದು ಹೆದರಿದ್ದೆ ಅಂತ ಕಾಣುತ್ತದೆ. ಆದರೆ ನನ್ನ ವಿಷಯದ ಕಾಗದಗಳು ನಿನ್ನ ಕಿಸೆಯಲ್ಲೋ ಡ್ರಾವರಿನಲ್ಲೋ ನಿಂತುಬಿಡುವುದು ಇದು ಮೊದಲ ಸಲವಲ್ಲ.

ನನಗೆ ಹೊಸ ಹಲಗೆ ಬೇಡ. ತಪ್ಪಾಯಿತೆಂಬ ಮಾತೂ ಬೇಡ. ಕಾರನ್ನು ನನ್ನ ಹೆಸರಿಗೆ ಮಾಡಿಕೊಡು. ಇಲ್ಲವಾದರೆ ನೀನೇ ಊರಿಗೆ ಬಂದು, ನನ್ನ ಕೈಯಿಂದ ಕೀಲಿಕೈ ಕಿತ್ತುಕೊಂಡು ಹೋಗು. ನಡುವಿನ ದಾರಿ ಹುಡುಕಬೇಡ, ಡ್ರೈವರನ್ನು ಇಡುವಂಥದ್ದು.

ಕಾಂತಿ

*

ಮಾಟುಂಗ, ಮುಂಬಯಿ
9-4-1962

ಕಾಂತಿ,

ಆ ಕಾಗದ ನಿನಗೆ ಸಿಕ್ಕಿದೆ ಎಂದು ನನಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ನೀನು ನನಗೆ ಊಟ ಬಡಿಸಿದ್ದೀಯ, ಊರಿಂದ ಹೊರಟಾಗೆಲ್ಲ ಹಪ್ಪಳ ಕಟ್ಟಿಕೊಟ್ಟಿದ್ದೀಯ.

ಇದರ ಜೊತೆ ಕಾರಿನ ಆರ್.ಸಿ. ಪುಸ್ತಕ, ಹೆಸರು ಬದಲಾಯಿಸುವ ಫಾರಮು ಇದೆ. ಮೂರು ಕಡೆ ರುಜು ಹಾಕಿದ್ದೇನೆ. ರಿಜಿಸ್ಟರ್ಡ್ ಅಂಚೆಗೆ ನಾನೇ ಹೋಗಿ ಹಾಕುತ್ತಿದ್ದೇನೆ, ಹೋಟೆಲಿನವರ ಕೈಯಲ್ಲಿ ಕೊಡಲಿಲ್ಲ.

ಮೇ ತಿಂಗಳಲ್ಲಿ ಊರಿಗೆ ಬರುತ್ತೇನೆ. ಮಂಗಳೂರಿಗೆ ಕರೆಯಲು ಬಾ. ಎಡಬದಿಯಲ್ಲಿ ಕೂರುತ್ತೇನೆ.

ಚಿನ್ನಯ್ಯ

*

ಪಡುಬೈಲು ಮನೆ, ಬಂಟ್ವಾಳ
ಬಿಸು, 14-4-1962

ಕೊಡಿಯಾಲ ಮೋಟಾರ್ ಏಜೆನ್ಸಿಯ ಮ್ಯಾನೇಜರರಿಗೆ,

ನನ್ನ ಫೆಬ್ರವರಿಯ ಕಾಗದಕ್ಕೆ ನೀವು ಉತ್ತರ ಕೊಡಲಿಲ್ಲ. ಅದನ್ನು ಮುಂಬಯಿಗೆ ದಾಟಿಸಿ ಕೈತೊಳೆದುಕೊಂಡಿರಿ. ಮಾಲೀಕರ ಹೊರತು ಇತರರ ದೂರನ್ನು ಸ್ವೀಕರಿಸುವ ಕ್ರಮ ಇಲ್ಲವೆಂದು ಮೊದಲೇ ಬರೆದಿದ್ದಿರಿ. ಕ್ರಮ ಒಳ್ಳೆಯದೇ. ಅದರ ಪ್ರಕಾರವೇ ಈಗ ನಡೆಯುವ. ಕಾರನ್ನು ನನ್ನ ಹೆಸರಿಗೆ ಮಾಡುವ ಫಾರಮಿನಲ್ಲಿ ಅಣ್ಣನ ರುಜು ಬಿದ್ದಾಗಿದೆ. ಇಂದು ಹಬ್ಬ, ನಾಳೆ ಭಾನುವಾರ. ಸೋಮವಾರ ಮಂಗಳೂರಿನ ಕಚೇರಿಯಲ್ಲಿ ಅದನ್ನು ಕೊಡುತ್ತೇನೆ. ಹೆಸರು ಬದಲಾದ ಪುಸ್ತಕ ಕೈಗೆ ಬಂದ ದಿನ ನಿಮ್ಮ ಅಂಗಡಿಗೆ ಬರುತ್ತೇನೆ.

ಹೊಸ ಹಲಗೆ ಕೇಳಲು ಬರುವುದಲ್ಲ. ನೀವು ಕೊಟ್ಟರೂ ಹಾಕಿಸುವುದಿಲ್ಲ. ಗ್ಯಾರಂಟಿ ಮುಗಿದಿದೆ ಎಂದು ನೀವು ಬೇಕಾದಷ್ಟು ಸಲ ಹೇಳಬಹುದು, ನಾನು ಅಡ್ಡ ಬರುವುದಿಲ್ಲ. ಬಿದ್ದುಬಿದ್ದು ಸುಸ್ತಾದ ನಿಮ್ಮ ಹಲಗೆಯನ್ನು ತರುತ್ತೇನೆ. ನಿಮ್ಮ ಮೇಜಿನ ಮೇಲೆ ಅದನ್ನು ನಿಮ್ಮ ಕೈಯಿಂದಲೇ ಬಿಚ್ಚಿಸುತ್ತೇನೆ. ಒಳಗೆ ಸ್ಪ್ರಿಂಗ್ ಇದ್ದರೆ ನಾನು ಅಲ್ಲೇ ಕ್ಷಮೆ ಕೇಳುತ್ತೇನೆ. ಇಲ್ಲದಿದ್ದರೆ ನೀವು ಒಂದು ಗೆರೆ ಬರೆದುಕೊಡಬೇಕು: ಈ ಹಲಗೆಗೆ ಸ್ಪ್ರಿಂಗ್ ಹಾಕಿರಲಿಲ್ಲ. ಕೆಳಗೆ ನಿಮ್ಮ ರುಜು. ಮೇಲೆ ನನ್ನ ಹೆಸರು, ಅಣ್ಣನದ್ದಲ್ಲ. ಅದನ್ನು ಚೌಕಟ್ಟು ಹಾಕಿಸಿ ಚಿಕ್ಕಮ್ಮ ಪೂವಮ್ಮನವರ ಮಂಚದ ಎದುರಿಗೆ ತೂಗುಹಾಕುತ್ತೇನೆ. ಅವರಿಗೆ ಓದಲು ಬಾರದು, ದಿನಾ ನಾನೇ ಓದಿ ಹೇಳುತ್ತೇನೆ.

ಬೆಳಿಗ್ಗೆ ಬರಬಹುದಿತ್ತು, ಬಿಸಿಲು ಬೆನ್ನಿಗೆ ಇರುತ್ತದೆ, ಸುಲಭ. ನಾನು ಬಂಟ್ವಾಳದಿಂದ ಸಂಜೆ ನಾಲ್ಕಕ್ಕೆ ಹೊರಡುತ್ತೇನೆ. ದಾರಿಯುದ್ದಕ್ಕೂ ಬಿಸಿಲು ಎದುರಿನಿಂದಲೇ ಹೊಡೆಯಲಿ. ಅಂಗಡಿಯ ಬಾಗಿಲು ಹಾಕಿಕೊಂಡು ಹೋಗಬೇಡಿ.

ಕಾಂತಿ